ಜೇನ್ ಆಡಮ್ಸ್ ಅಮ್ಮನವರ ಚರಿತ್ರೆ

ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದ ವಿಷಯವಾಗಿ ಒಂದು ಐತಿಹ್ಯವುಂಟು. ಮನೆಯಿಂದ ಹೊರಡಿಸಲ್ಪಟ್ಟ ಸೀತೆಯು ಅಲ್ಲಿನ ಆಶ್ರಮದಲ್ಲಿ ಆಶ್ರಯ ಹೊಂದಿ ಅವಳಿ ಮಕ್ಕಳನ್ನು ಹೆತ್ತಳೆಂದು ಊರ ಹಿರಿಯರು ಹೇಳುತ್ತಾರೆ. ಬೇರೆ ಕಡೆಯಿಂದ ಬಂದ ತಾಯಿಮಕ್ಕಳನ್ನು ಸೇರಿಸಿಕೊಳ್ಳುವ ಮಾತು ಹೀಗೆ ನಮ್ಮ ಸೀಮೆಗೆ ಹಳೆಯದು. 1880ರ ತರುವಾಯ ಕೋಲಾರದ ಚಿನ್ನದ ಗಣಿಗಳಿಗೆ ತಮಿಳು ತೆಲುಗು ಸೀಮೆಗಳಿಂದ ಸಾವಿರಾರು ಮಂದಿ ಬಂದರು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೂ ಮಾಲೂರಿನ ಇಟ್ಟಿಗೆ ಗೂಡುಗಳಿಗೆ ದೂರದ ಕುಟುಂಬಗಳು ಇಂದಿಗೂ ಬರುತ್ತವೆ. ಇಂಥವರ ಮಕ್ಕಳನ್ನು ಹೇಗೆ ಸ್ವೀಕರಿಸಬೇಕೆಂದು ತಮ್ಮ ನಡತೆಯಿಂದಲೇ ತೋರಿಸಿದ ಒಬ್ಬ ಅಮ್ಮನವರ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ.

ಜೇನ್ ಆಡಮ್ಸ್ ಅಮ್ಮನವರು 1860ನೆಯ ಇಸವಿ ಸೆಪ್ಟೆಂಬರ್ 6ರಂದು ಅಮೇರಿಕಾ ದೇಶದ ಇಲಿನಾಯ್ ಸೀಮೆಯ ಸೀಡರ್‌ವಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಎರಡು ವರುಷದವರಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ಬಾಲ್ಯದ ಕ್ಷಯರೋಗದಿಂದ ಅವರ ಬೆನ್ನು ಬಾಗಿತು. ತಂದೆಯು ಐಶ್ವರ್ಯವಂತನಾಗಿದ್ದುದರಿಂದ ಅವರು ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಆದರೆ 1889ರ ಸೆಪ್ಟೆಂಬರಿನಲ್ಲಿ ಎಲೆನ್ ಸ್ಟಾರ್ ಎಂಬ ಸ್ನೇಹಿತೆಯೊಡನೆ ಶಿಕಾಗೋ ಪಟ್ಟಣದ ಬಡವರ ಕೇರಿಗೆ ಬಂದು, ಹಲ್ ಹೌಸ್ ಎಂಬ ಹಳೆಯ ಮನೆಯಲ್ಲಿ ನೆಲಸಿದರು. ಸುತ್ತಲೂ ಇದ್ದವರು ಇಟಲಿ, ಜರ್ಮನಿ, ರಷ್ಯಾ ಮೊದಲಾದ ದೇಶಗಳನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಬಂದವರು.

ತಾಯಂದಿರು ಕೆಲಸಕ್ಕೆ ಹೋಗುವಾಗ ಕೂಸುಗಳನ್ನು ಮನೆಯಲ್ಲಿ ಕೂಡಿಹಾಕಿ ಹೋಗುತ್ತಿದ್ದರು. ಅಮ್ಮನವರು ಆ ಕೇರಿಯಲ್ಲಿ ಮೊದಲು ಕಂಡ ಮೂವರು ಅಂಗವಿಕಲ ಮಕ್ಕಳಲ್ಲಿ ಒಬ್ಬನು ಮಹಡಿಯ ಕಿಟಕಿಯಿಂದ ಬಿದ್ದವನು, ಒಬ್ಬನು ಬೆಂಕಿಯಿಂದ ಸುಟ್ಟವನು, ಇನ್ನೊಬ್ಬನು ದಿನವೆಲ್ಲಾ ಮೇಜಿನ ಕಾಲಿಗೆ ಕಟ್ಟಲ್ಪಟ್ಟು ಬೆನ್ನು ಡೊಂಕಾದವನು. ಇದನ್ನು ನೋಡಿ ಅವರು ತಾಯಂದಿರನ್ನು ಹಳಿಯಲಿಲ್ಲ. ಶಿಶುವಿಹಾರವನ್ನೂ, ಹಗಲಲ್ಲಿ ಕೂಸುಗಳನ್ನು ಸಾಕುವ ಮನೆಯನ್ನೂ ನಡಿಸಿದರು.

ಒಮ್ಮೆ ಇಟಲಿಯವಳಾದ ಒಬ್ಬ ಪುಟ್ಟ ಹುಡುಗಿಯು ದ್ರಾಕ್ಷಾರಸದಲ್ಲಿ ನೆನೆದ ರೊಟ್ಟಿಯನ್ನು ತಿಂದು ಅಮಲೇರಿ ಶಿಶುವಿಹಾರಕ್ಕೆ ಬಂದಳು. ಉಪಾಧ್ಯಾಯಿನಿಯು ಆ ಮನೆಗೆ ಹೋಗಿ ಬುದ್ಧಿ ಹೇಳಿದಳು. ತಾಯಿಯು ವಿನಯದಿಂದ ಕೇಳಿ, ಅತಿಥಿಯ ಮುಂದೆ ತನ್ನ ಉತ್ತಮವಾದ ದ್ರಾಕ್ಷಾರಸವನ್ನೇ ತಂದಿಟ್ಟಳು! ಇಂಥ ಸಂಗತಿಗಳಿಂದ ಹಲ್ ಹೌಸಿನವರು ನೆರೆಯವರ ರೀತಿಗಳನ್ನು ಮೊದಲು ತಾವು ಕಲಿತುಕೊಂಡರು.

ಆದರೆ ಇದಕ್ಕಿಂತ ಭಾರವಾದ ಒಂದು ಕೇಡನ್ನು ಅಮ್ಮನವರು ಕಂಡರು. ಮಕ್ಕಳು ಹೊಸ ಭಾಷೆಯನ್ನು ಕಲಿತ ಹಾಗೆಲ್ಲಾ ಹೆತ್ತವರ ವಿಷಯದಲ್ಲಿ ನಾಚಿಕೆಪಡತೊಡಗಿದರು. ಒಬ್ಬ ಹುಡುಗಿಯು, ತಾಯಿಯ ತಲೆವಸ್ತ್ರಕ್ಕೂ ಒರಟು ಪಾದರಕ್ಷೆಗೂ ನಾಚಿ, ಅವಳ ಸಂಗಡ ಬಾರದೆ ಬೇರೆ ಬಾಗಿಲಿನಿಂದ ಒಳಗೆ ಬರುತ್ತಿದ್ದಳು. ಶಾಲೆಯು ಮಗುವಿಗೆ ಅಕ್ಷರವನ್ನು ಕೊಟ್ಟು ತಾಯಿಯನ್ನು ಕಸಿದುಕೊಂಡರೆ ಲಾಭವೇನು? ಆದಕಾರಣ 1900ರಲ್ಲಿ ಅಮ್ಮನವರು ಕೈಕಸಬುಗಳ ಒಂದು ಪ್ರದರ್ಶನಶಾಲೆಯನ್ನು ಸ್ಥಾಪಿಸಿ, ಆ ತಾಯಂದಿರನ್ನೇ ಕಲಿಸುವವರನ್ನಾಗಿ ಕುಳ್ಳಿರಿಸಿದರು. ಆ ಹುಡುಗಿಯ ತಾಯಿಯು ಕದಿರಿನಿಂದ ನೂಲುವುದನ್ನು ನೋಡಿ ವಿದ್ಯಾವಂತ ಸ್ತ್ರೀಯರೂ ಬೆರಗಾದರು. ಮಗಳು ಇದನ್ನು ಕಂಡು, ಕೆಲವು ಕಾಲವಾದ ಮೇಲೆ ತಾಯಿಯೊಡನೆ ಒಂದೇ ಬಾಗಿಲಿನಿಂದ ಬರತೊಡಗಿದಳು.

1931ರಲ್ಲಿ ಅಮ್ಮನವರಿಗೆ ನೊಬೆಲ್ ಶಾಂತಿ ಬಹುಮಾನದಲ್ಲಿ ಪಾಲು ದೊರೆಯಿತು. 1935ನೆಯ ಇಸವಿ ಮೇ 21ರಂದು ಅವರು ಶಿಕಾಗೋವಿನಲ್ಲಿ ತೀರಿಹೋದರು. ಹುಟ್ಟಿದ ಹಳ್ಳಿಯಲ್ಲಿಯೇ ಅವರನ್ನು ಹೂಣಿಟ್ಟರು.

ನಮ್ಮ ಅಂಗನವಾಡಿಯ ಹೊಸ್ತಿಲಲ್ಲಿ ಕನ್ನಡವರಿಯದ ಮಗುವೊಂದು ನಿಂತರೆ ನಾವು ಅದರ ಕೈ ಹಿಡಿದು ಕರೆಯುತ್ತೇವೆ, ಅದು ಒಳ್ಳೇದು. ಆದರೆ ಮಣ್ಣುಗೈಯ ತಾಯಿಯು ಹೊರಗೇ ನಿಂತಿರುವಳಲ್ಲಾ! ಅವಳನ್ನೂ ಒಳಗೆ ಕರೆದು, ಚಾಪೆ ಹಾಕಿ, ಅವಳ ಊರಿನ ಜೋಗುಳವೊಂದನ್ನು ಎಲ್ಲಾ ಮಕ್ಕಳ ಮುಂದೆ ಹಾಡಿಸೋಣ. ತನ್ನ ತಾಯಿಗೆ ಮರ್ಯಾದೆ ದೊರೆತ ಮನೆಯಲ್ಲಿ ಮಗುವು ಅಳದೆ ಕುಳಿತುಕೊಳ್ಳುವದು.