ಹೆಣ್ಣುಮಕ್ಕಳ ದುಡಿಮೆಗೆ ಪೇಟೆ ತೋರಿಸಿದ ಕಮಲಾದೇವಿ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಕನ್ನಡ ನಾಡಿನ ಮಗಳೊಬ್ಬಳನ್ನು ನೆನೆಯುವುದು ನಮ್ಮ ಕರ್ತವ್ಯವಾಗಿದೆ. ಮುಡಬಿಯವರಾದ ನಮಗೆ ಹೆಣ್ಣಿನ ಕಾಯಕ ಹೊಸದಲ್ಲ. ಪಕ್ಕದ ಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಕದಿರೆ ರೆಮ್ಮವ್ವೆ ನೂಲು ತೆಗೆದಳು, ಕೊಟ್ಟಣದ ಸೋಮವ್ವೆ ಬತ್ತ ಕುಟ್ಟಿದಳು. ಆದರೆ ದುಡಿದ ಮಾಲಿಗೆ ಬೆಲೆ ಸಿಗಬೇಕು, ಆ ರೊಕ್ಕ ದುಡಿದವಳ ಕೈಗೇ ಬರಬೇಕು. ಇದಕ್ಕಾಗಿ ಹೆಣಗಿದವರು ಕಮಲಾದೇವಿ ಚಟ್ಟೋಪಾಧ್ಯಾಯ.

ಅವರು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾಯ್ದೆ ಪ್ರಕಾರ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ತಾಯಿ ಗಿರಿಜಾಬಾಯಿ ತವರಿನಿಂದ ಬಂದ ಸ್ತ್ರೀಧನದ ಮೇಲೆ ಮಕ್ಕಳನ್ನು ಸಾಕಿದರು. ಹೆಂಗಸಿನ ಹೆಸರಿಗೆ ಏನೂ ಇಲ್ಲದಿದ್ದರೆ ಏನಾಗ್ತದೆ ಅನ್ನೋದನ್ನು ಆ ಹುಡುಗಿ ಮನೆಯಲ್ಲೇ ಕಂಡಳು.

ಎಳೆ ವಯಸ್ಸಿಗೇ ಮದುವೆ, ಎಳೆ ವಯಸ್ಸಿಗೇ ವೈಧವ್ಯ. ಮುಂದೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ಜನ ಆಡಿಕೊಂಡರೂ ಅಂಜಲಿಲ್ಲ. 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಸ್ವಲ್ಪ ಮತಗಳಿಂದ ಸೋತರು. 1930ರಲ್ಲಿ ಮುಂಬಯಿಯ ಬೀದಿಗಳಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದರು.

ಸ್ವಾತಂತ್ರ್ಯ ಬಂದ ಮೇಲೆ ಅವರು ಹಿಡಿದದ್ದು ಸಹಕಾರದ ದಾರಿ. ದೇಶ ವಿಭಜನೆಯಾಗಿ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗಾಗಿ 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ಬರೀ ಅನ್ನ ಹಾಕಿದರೆ ಸಾಲದು, ದುಡಿದು ಉಣ್ಣುವ ದಾರಿಯಾಗಬೇಕು ಎಂಬುದು ಅವರ ಹಟ. 1952ರಲ್ಲಿ ಈ ಯೂನಿಯನ್ ದಿಲ್ಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅನ್ನು ವಹಿಸಿಕೊಂಡಿತು. ಹಳ್ಳಿಯ ಕೈಕೆಲಸಕ್ಕೆ ರಾಜಧಾನಿಯಲ್ಲೇ ಅಂಗಡಿ ಸಿಕ್ಕಂತಾಯಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು. ಅದರ ಅಧ್ಯಕ್ಷೆಯಾಗಿ ಅವರು ಊರೂರು ತಿರುಗಿದರು. ನಮ್ಮ ಬಿದರಿಯಂಥ ಕುಸುರಿ ಕೆಲಸಗಳಿಗೆ ಇಂಥ ಮಂಡಳಿಗಳು ಆಸರೆಯಾಗಿದ್ದವು. ವಿನ್ಯಾಸ ಕೇಂದ್ರ, ತರಬೇತಿ, ಪ್ರದರ್ಶನ, ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ, ಇವೆಲ್ಲ ಆ ಕಾಲದ ಫಲ.

1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ಅವರು ಕಣ್ಮುಚ್ಚಿದರು.

ಅವರ ಬಾಳಿನಿಂದ ನಾವು ಕಲಿಯಬೇಕಾದ್ದು ಏನು? ಒಬ್ಬಾಕಿ ಮನೆಯಲ್ಲಿ ಕೂತು ಜೋಳದ ರೊಟ್ಟಿ ಬಡಿದರೆ, ಕೌದಿ ಹೊಲಿದರೆ, ವ್ಯಾಪಾರಿ ಹೇಳಿದ್ದೇ ದರ. ಹತ್ತು ಮಂದಿ ಕೂಡಿದರೆ ಹಿಟ್ಟು, ಬಟ್ಟೆ ಸಗಟಿನಲ್ಲಿ ತರಬಹುದು, ಮಾಲನ್ನು ಒಟ್ಟಿಗೆ ಪೇಟೆಗೆ ಒಯ್ಯಬಹುದು. ಸಾಲವೊಂದೇ ಸಾಲದು, ಪೇಟೆಯೂ ಬೇಕು, ಕಲಿಸುವವರೂ ಬೇಕು, ಲೆಕ್ಕವೂ ಬರಬೇಕು. ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ನಮ್ಮ ಬೀದರ್ ಜಿಲ್ಲಾ ಸಹಕಾರ ಬ್ಯಾಂಕು 1996ರಿಂದ ಈ ಕೆಲಸದಲ್ಲಿ ನಾಡಿಗೇ ಹೆಸರಾಯಿತು.

ಆದರೂ ಒಂದು ಮಾತು ನೇರವಾಗಿ ಹೇಳಬೇಕಾಗ್ತದ. ಸಾಲ ಹೆಂಡತಿಯ ಹೆಸರಿಗೆ, ರೊಕ್ಕ ಗಂಡನ ಕಿಸೆಗೆ, ಕಂತು ಮತ್ತೆ ಹೆಂಡತಿಯ ತಲೆಗೆ ಅಂದ್ರ ಆ ಧಂದೆ ಬೆಳೆಯೋದು ಹ್ಯಾಂಗ? ಪಾಸ್‌ಬುಕ್ ಆಕಿ ಕೈಯಾಗೇ ಇರಲಿ. ಸಂಘದ ಸಭೆಗೆ ಆಕಿ ಬರಲಿ, ಬಂದು ಮಾತಾಡಲಿ. ಗಿರಿಜಾಬಾಯಿಗೆ ಬಂದ ಕಷ್ಟ ನಮ್ಮೂರಿನ ಯಾವ ತಾಯಿಗೂ ಬಾರದಂತೆ ನೋಡಿಕೊಳ್ಳೋಣ. ಬೆಳ್ಳಿ ಹಬ್ಬದ ನಿಜವಾದ ಅರ್ಥ ಅದರಲ್ಲಿದೆ.

ಜೈ ಸಹಕಾರ.