ತ್ಯಾಗವೀರ ಸಿರಸಂಗಿ ಲಿಂಗರಾಜರು
— ಅಂತಿಮ ಬಿ.ಎ. ವಿದ್ಯಾರ್ಥಿ, ಹಂಪಸಾಗರ

ದಾನಿಗಳಿಗೆ ನಮ್ಮ ನಾಡಿನಲ್ಲಿ ಎಂದೂ ಬರವಿಲ್ಲ. ಕೆರೆ ಕಟ್ಟಿಸಿದವರು, ಗುಡಿ ಕಟ್ಟಿಸಿದವರು, ದಾರಿಹೋಕರಿಗೆ ಅರವಟ್ಟಿಗೆ ಇಟ್ಟವರು ಊರೂರಿಗೆ ಸಿಗುತ್ತಾರೆ. ಆದರೆ ತಾವು ಕಣ್ಣು ಮುಚ್ಚಿದ ಮೇಲೆ ತಮ್ಮ ದಾನದ ಗತಿಯೇನು ಎಂದು ಮುಂದಾಗಿ ಯೋಚಿಸಿ, ಅದಕ್ಕೊಂದು ಕಟ್ಟುಪಾಡು ಬರೆದಿಟ್ಟು ಹೋದವರು ತೀರ ವಿರಳ. ಅಂತಹ ವಿರಳ ಪುರುಷರಲ್ಲಿ ಸಿರಸಂಗಿಯ ಲಿಂಗರಾಜ ದೇಸಾಯಿಯವರು ಒಬ್ಬರು. ಅವರ ಚರಿತ್ರೆಯನ್ನು ನಾನು ಓದಲು ತೊಡಗಿದ್ದು ಭಕ್ತಿಯಿಂದಲ್ಲ, ನಮ್ಮೂರಿನ ಒಂದು ಜಗಳದಿಂದ. ಆ ಮಾತು ಮುಂದೆ ಬರುತ್ತದೆ.

ಲಿಂಗರಾಜರು ಹುಟ್ಟಿನಿಂದ ದೇಸಾಯರಲ್ಲ. ತುಂಗಭದ್ರೆಯ ಆಚೆಗಿರುವ ಗದಗ ಜಿಲ್ಲೆಯ ಶಿಗ್ಲಿಯಲ್ಲಿ, ಮಡ್ಲಿ ಮನೆತನದಲ್ಲಿ, 1861ನೆಯ ಇಸವಿ ಜನವರಿ 10ರಂದು ಅವರ ಜನನವಾಯಿತು. ತಂದೆ ಗೂಳಪ್ಪ, ತಾಯಿ ಯಲ್ಲವ್ವ. ಹೆತ್ತವರು ಇಟ್ಟ ಹೆಸರು ರಾಮಪ್ಪ. 1872ರಲ್ಲಿ, ಹನ್ನೊಂದು ವರ್ಷದ ಹುಡುಗನಾಗಿದ್ದಾಗ, ನವಲಗುಂದ-ಸಿರಸಂಗಿ ದೇಸಗತಿಯ ಮನೆಗೆ ದತ್ತಕ ಹೋದರು. ಅಂದಿನಿಂದ ರಾಮಪ್ಪ ಲಿಂಗರಾಜನಾದ. ಸಿರಸಂಗಿ ಇರುವುದು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿ; ಅಲ್ಲಿಯ ಕಾಳಿಕಾದೇವಿಯ ಗುಡಿ ಪ್ರಸಿದ್ಧವಾದದ್ದು. ನವಲಗುಂದ ಧಾರವಾಡ ಜಿಲ್ಲೆಯದು. ಹೀಗೆ ಎರಡು ಜಿಲ್ಲೆಗಳ ಹೆಸರು ಹೊತ್ತ ಸಂಸ್ಥಾನಕ್ಕೆ ಒಬ್ಬ ಸಾಮಾನ್ಯ ಮನೆಯ ಬಾಲಕ ಒಡೆಯನಾದನು.

ದೇಸಗತಿಯೆಂದರೇನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ನಮ್ಮ ಬಳ್ಳಾರಿ ಸೀಮೆ ಮದರಾಸಿನ ಆಳ್ವಿಕೆಯಲ್ಲಿದ್ದುದರಿಂದ ಈ ಕಡೆಯ ವಿದ್ಯಾರ್ಥಿಗಳಿಗೆ ಆ ಪದ್ಧತಿಯ ಪರಿಚಯ ಕಡಿಮೆ. ಹಿಂದಿನ ಅರಸರ ಕಾಲದಲ್ಲಿ ಕಂದಾಯ ವಸೂಲಿಯ ಹೊಣೆ ಹೊತ್ತವರು ದೇಸಾಯರು. ಅದಕ್ಕೆ ಪ್ರತಿಯಾಗಿ ಅವರಿಗೆ ವಂಶಪಾರಂಪರ್ಯವಾಗಿ ಭೂಮಿ ನಡೆದು ಬರುತ್ತಿತ್ತು. ಅದಕ್ಕೆ ವತನವೆಂದು ಹೆಸರು. ಇಂಗ್ಲಿಷರು ಬಂದ ಮೇಲೆ ಅಧಿಕಾರ ಹೋಯಿತು, ಭೂಮಿ ಉಳಿಯಿತು. ಆದರೆ ಆ ಭೂಮಿ ಪೂರ್ತಿ ಸ್ವಂತದ್ದಲ್ಲ. 1874ರ ಮುಂಬಯಿ ವತನ ಕಾಯಿದೆಯ ಪ್ರಕಾರ ವತನದಾರನು ಸರಕಾರದ ಒಪ್ಪಿಗೆಯಿಲ್ಲದೆ ತನ್ನ ಜೀವಿತಾವಧಿಯಾಚೆಗೆ ವತನವನ್ನು ಹೊರಗಿನವರಿಗೆ ಕೊಡುವಂತಿರಲಿಲ್ಲ. ಈ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ವಿನಂತಿ.

ಲಿಂಗರಾಜರ ಯೌವನದ ಕಾಲದಲ್ಲಿ ಮುಂಬಯಿ ಕರ್ನಾಟಕದಲ್ಲಿ ಒಂದು ಕಾಲೇಜೂ ಇರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಅಲ್ಲಿಯವರೆಗೆ ಮೆಟ್ರಿಕ್ ದಾಟಿದ ಹುಡುಗನು ಬುತ್ತಿ ಕಟ್ಟಿಕೊಂಡು ಪುಣೆಗೋ ಮುಂಬಯಿಗೋ ಹೋಗಬೇಕು. ಅಲ್ಲಿ ಮಾತು ಬೇರೆ, ಊಟ ಬೇರೆ, ಖರ್ಚು ಮನೆಯವರ ಎಟುಕಿಗೆ ಮೀರಿದ್ದು. ಒಕ್ಕಲುತನದ ಮನೆಗಳ ಮಕ್ಕಳು ಹಾಗೆ ಹೋಗುವುದು ಕನಸಿನ ಮಾತು. ಈ ಕೊರತೆಯನ್ನು ಕಂಡು ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳ ಸಹಾಯಕ್ಕಾಗಿ ಒಂದು ವಿದ್ಯಾನಿಧಿಯನ್ನು ಕೂಡಿಸಿದರು. ಲಿಂಗರಾಜರು ಅದರ ಬೆಂಬಲಕ್ಕೆ ನಿಂತರು. ಮುಂದೆ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಸೇರಿದಾಗ ಅಧ್ಯಕ್ಷ ಪೀಠಕ್ಕೆ ಕರೆದದ್ದು ಇವರನ್ನೇ.

ಇಷ್ಟು ಮಾತ್ರವಾಗಿದ್ದರೆ ಅವರು ಅನೇಕ ದಾನಶೂರರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ಅವರ ದೊಡ್ಡಸ್ತಿಕೆ ಕಾಣುವುದು ಮೃತ್ಯುಪತ್ರದಲ್ಲಿ. ಅವರಿಗೆ ಉತ್ತರಾಧಿಕಾರಿಯಾಗಿ ಮಕ್ಕಳು ಉಳಿಯಲಿಲ್ಲ. ಅಂದಿನ ಹಿಂದೂ ಧರ್ಮಶಾಸ್ತ್ರವನ್ನು ಮುಂಬಯಿ ಪ್ರಾಂತದಲ್ಲಿ ನಡೆಸುತ್ತಿದ್ದ ರೀತಿಯಲ್ಲಿ, ಗಂಡನು ಬೇಡವೆಂದು ಹೇಳಿರದಿದ್ದರೆ ವಿಧವೆಯು ಅವನ ಅಪ್ಪಣೆಯಿಲ್ಲದೆಯೂ ದತ್ತಕ ತೆಗೆದುಕೊಳ್ಳಬಹುದಾಗಿತ್ತು. ದತ್ತಕ ಬಂದವನಿಗೆ ಆಸ್ತಿ ಹೋಗುತ್ತಿತ್ತು. ತಾವೇ ದತ್ತಕದ ಬಾಗಿಲಿನಿಂದ ಒಳಗೆ ಬಂದವರಾದ ಲಿಂಗರಾಜರಿಗೆ ಇದರ ಮರ್ಮ ತಿಳಿಯದೆ ಇರಲಾರದೆಂದು ನನ್ನ ಊಹೆ. ಬಾಯಿಮಾತಿನಲ್ಲಿ ಇದೆಲ್ಲ ವಿದ್ಯೆಗೆ ಎಂದು ಹೇಳಿ ಹೋಗಿದ್ದರೆ ಮರುವರ್ಷವೇ ವಾಡೆಯಲ್ಲಿ ಇನ್ನೊಬ್ಬ ದೇಸಾಯಿ ಕುಳಿತಿರುತ್ತಿದ್ದ. ಅವರು ಹಾಗೆ ಬಿಡಲಿಲ್ಲ. ತಮ್ಮ ಸಮಗ್ರ ಆಸ್ತಿಯೂ ಲಿಂಗಾಯತ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದರು. 1906ರ ಆಗಸ್ಟ್ 23ರಂದು, ನಾಲ್ವತ್ತೈದು ವರ್ಷದ ವಯಸ್ಸಿನಲ್ಲಿ, ತೀರಿಕೊಂಡರು.

ಅವರು ತೀರಿಕೊಂಡ ಕೂಡಲೇ ಹುಡುಗರ ಕೈಗೆ ಹಣ ಬಂದು ಬಿತ್ತೆಂದು ತಿಳಿದರೆ ತಪ್ಪು. ಆಸ್ತಿಯ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ನವಲಗುಂದ-ಸಿರಸಂಗಿ ಟ್ರಸ್ಟು ತನ್ನ ಕೆಲಸಕ್ಕೆ ನೆಲೆಯಾಗಿ ನಿಂತದ್ದು 1930ರ ಸುಮಾರಿಗೆ. ಅಂದರೆ 1906ರಲ್ಲಿ ಹುಟ್ಟಿದ ಕೂಸು ಅಷ್ಟರಲ್ಲಿ ಬಿ.ಎ. ಮುಗಿಸುವ ವಯಸ್ಸನ್ನೂ ದಾಟಿ ಹೋಗಿತ್ತು! ಸರಿಯಾದ ಪತ್ರವಿದ್ದೂ ಇಷ್ಟು ಕಾಲ ಹಿಡಿಯಿತು. ಪತ್ರವೇ ಇಲ್ಲದಿದ್ದರೆ ಏನಾಗುತ್ತಿತ್ತೋ.

ಮೃತ್ಯುಪತ್ರಕ್ಕೂ ಟ್ರಸ್ಟಿನ ಪತ್ರಕ್ಕೂ ಒಂದು ಭೇದವುಂಟು. ಮೃತ್ಯುಪತ್ರ ಜೀವ ಹೋದ ಮೇಲೆ ಮಾತ್ರ ಬಾಯಿ ತೆರೆಯುತ್ತದೆ; ಆಗ ಬರೆದವನು ಸಾಕ್ಷಿ ಹೇಳಲು ಇರುವುದಿಲ್ಲ. ಬದುಕಿರುವಾಗಲೇ ಟ್ರಸ್ಟು ಮಾಡಿ ಆಸ್ತಿಯನ್ನು ಒಪ್ಪಿಸಿಬಿಟ್ಟರೆ ತಕರಾರು ಬಂದಾಗ ಎದುರು ನಿಂತು ಉತ್ತರ ಹೇಳಬಹುದು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ತಮ್ಮ ಧರ್ಮಛತ್ರದ ವಿಷಯದಲ್ಲಿ ಹಾಗೆಯೇ ಮಾಡಿದರು, ಕೆ. ಪಿ. ಪುಟ್ಟಣ್ಣ ಚೆಟ್ಟರನ್ನು ಮೊದಲ ಅಧ್ಯಕ್ಷರನ್ನಾಗಿ ಮಾಡಿ ಆಸ್ತಿಯನ್ನು ಟ್ರಸ್ಟಿಗೆ ವಹಿಸಿದ ಮೇಲೆ 1910ರಲ್ಲಿ ತೀರಿಕೊಂಡರು. ಆದರೆ ತೋಟದಪ್ಪನವರದು ವ್ಯಾಪಾರದ ಸ್ವಂತ ಗಳಿಕೆ. ವತನದ ಭೂಮಿಯ ಒಡೆಯನಿಗೆ ಅಷ್ಟು ಸಲೀಸಾದ ದಾರಿಯಿರಲಿಲ್ಲವೆಂಬುದನ್ನು ಮರೆತು ಲಿಂಗರಾಜರನ್ನು ದೂಷಿಸುವುದು ಅನ್ಯಾಯವಾದೀತು.

ಮೂರನೆಯದೊಂದು ದಾರಿಯೂ ಇದೆ. ಅದು ಸಂಘ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನರು ಸೇರಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದರು. ಅವರಲ್ಲಿ ದೇಸಗತಿಯ ಸಿರಿಯಿರಲಿಲ್ಲ; ದುಡಿಯುವ ಕೈಗಳಿದ್ದವು. ಒಂದು ಕಡೆ ಆಸ್ತಿಯಿದ್ದು ಅದನ್ನು ಶಾಲೆಯಾಗಿಸುವ ಜನ ಬೇಕಾಗಿತ್ತು, ಇನ್ನೊಂದು ಕಡೆ ಜನರಿದ್ದು ಹಣ ಬೇಕಾಗಿತ್ತು. 1933ರಲ್ಲಿ ಈ ಸಂಸ್ಥೆ ಬೆಳಗಾವಿಯಲ್ಲಿ ತನ್ನ ಮೊದಲ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜ ಕಾಲೇಜೆಂದು ಹೆಸರಿಟ್ಟರು. ಪುಣೆಯ ದಾರಿ ಹಿಡಿಯಬೇಕಾಗಿದ್ದ ಎಷ್ಟೋ ಮಕ್ಕಳು ಅದರ ಬಾಗಿಲಲ್ಲಿ ಇಳಿದರು.

ಟ್ರಸ್ಟು ಹಣ ಕೊಡುವ ಕ್ರಮವೂ ವಿಚಾರ ಮಾಡತಕ್ಕದ್ದು. ಅದು ವಿದ್ಯಾರ್ಥಿಗಳಿಗೆ ಸಾಲದ ರೂಪದಲ್ಲಿ ವೇತನ ಕೊಟ್ಟಿತು. ಓದಿ ನೌಕರಿ ಹಿಡಿದವನು ಮರಳಿ ಕಟ್ಟಬೇಕು. ಆ ಹಣ ಮತ್ತೊಬ್ಬನ ಕೈ ಸೇರಬೇಕು. ನಮ್ಮ ಕಡೆ ಬೀಜದ ಜೋಳವನ್ನು ಕಡ ಕೊಟ್ಟು ಸುಗ್ಗಿಯಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ ಹಾಗೆ. ಪಡೆದವನಿಗೆ ಭಿಕ್ಷೆಯೆಂಬ ಸಂಕೋಚವೂ ಇಲ್ಲ, ಮೂಲಧನವೂ ಕರಗುವುದಿಲ್ಲ.

ಒಂದು ಕೊರತೆಯನ್ನು ಮುಚ್ಚಿಡಬಾರದು. ದಾನವು ಒಂದು ಸಮಾಜದ ಮಕ್ಕಳಿಗೆ ಎಂದು ಬರೆಯಲ್ಪಟ್ಟಿತ್ತು. ಅಂದು ಎಲ್ಲ ಸಮಾಜಗಳೂ ತಮ್ಮ ತಮ್ಮ ಮಕ್ಕಳಿಗೆ ನಿಧಿ, ವಸತಿಗೃಹ ಮಾಡಿಕೊಳ್ಳುತ್ತಿದ್ದ ಕಾಲ. ಆ ಕಾಲದ ಅಳತೆಯಲ್ಲಿ ಅದು ಸಣ್ಣ ಮನಸ್ಸಲ್ಲ. ಆದರೂ ಇಂದು ಓದುವಾಗ, ಅದೇ ಸಿರಸಂಗಿಯಲ್ಲಿ ದೇಸಾಯರ ಹೊಲದಲ್ಲಿ ಕಳೆ ಕಿತ್ತ ಬೇರೆ ಕೇರಿಗಳ ಮಕ್ಕಳ ನೆನಪು ನನಗೆ ಬಾರದೆ ಇರಲಿಲ್ಲ. ಪತ್ರದಲ್ಲಿಯ ಒಂದು ಶಬ್ದ ನೂರು ವರ್ಷ ಬಾಗಿಲು ಕಾಯುತ್ತದೆ.

ಇನ್ನು ನಮ್ಮೂರಿನ ಮಾತು. ಹಂಪಸಾಗರ ತುಂಗಭದ್ರೆಯ ಹಿನ್ನೀರಿನ ದಡದ ಊರು. ಅಲ್ಲಿ ನಾವು ಕೆಲವರು ಹುಡುಗರು ಸಾಯಂಕಾಲದ ಓದುಕೋಣೆಯೊಂದನ್ನು ನಡೆಸುತ್ತ ಬಂದಿದ್ದೇವೆ. ನಮ್ಮ ಮನೆಯಲ್ಲಿ ಅಪ್ಪ, ಅವ್ವ ಇಬ್ಬರೂ ಹೆಬ್ಬೆಟ್ಟಿನವರು. ನಾನು ಹತ್ತನೆಯ ತರಗತಿ ಓದಿದ್ದು ಅಲ್ಲಿಯ ದೀಪದಲ್ಲಿ. ಊರವರು ಕೊಟ್ಟ ಚಂದಾ ಹಣವನ್ನು ಹಿರಿಯರೊಬ್ಬರ ಹೆಸರಿನ ಖಾತೆಯಲ್ಲಿ ಇಟ್ಟಿದ್ದೆವು. ಅವರು ಪ್ರಾಮಾಣಿಕರು; ಒಂದು ಪೈಸೆ ಅತ್ತಿತ್ತ ಮಾಡಿದವರಲ್ಲ. ಅವರು ಅಕಸ್ಮಾತ್ತಾಗಿ ತೀರಿಕೊಂಡಾಗ ಹಣ ಅವರ ವಾರಸುದಾರರದಾಯಿತು. ಕೇಳಲು ಹೋದ ನಮ್ಮಲ್ಲಿ ರಸೀದಿ ಪುಸ್ತಕವೊಂದಲ್ಲದೆ ಬೇರೇನೂ ಇರಲಿಲ್ಲ. ಅದರ ಮೇಲೆ ಒಂದು ಕಂಪನಿಯ ಸಮಾಜಸೇವಾ ನಿಧಿಯಿಂದ ಪುಸ್ತಕ, ಕಪಾಟು ಕೇಳೋಣವೆಂದು ಅರ್ಜಿ ಹಾಕಿದರೆ ನೋಂದಣಿ ಪತ್ರ, ಸಂಸ್ಥೆಯ ಹೆಸರಿನ ಪ್ಯಾನ್ ಕಾರ್ಡು ಮತ್ತು ಬ್ಯಾಂಕ್ ಖಾತೆ, ಮೂರು ವರ್ಷಗಳ ಲೆಕ್ಕ ತಪಾಸಣೆ, ಆದಾಯ ತೆರಿಗೆ ಇಲಾಖೆಯ ಮಾನ್ಯತೆ, ಇಷ್ಟನ್ನೂ ಕೇಳಿದರು. ನಮ್ಮಲ್ಲಿ ಒಂದೂ ಇರಲಿಲ್ಲ.

ಟ್ರಸ್ಟು ಮಾಡಬೇಕೋ ಸಂಘ ಮಾಡಬೇಕೋ ಎಂಬುದರ ಮೇಲೆ ಗುಡಿಯ ಕಟ್ಟೆಯಲ್ಲಿ ಮೂರು ರಾತ್ರಿ ವಾದ ನಡೆಯಿತು. ಟ್ರಸ್ಟಿಗೆ ಒಂದು ಪತ್ರ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಸಾಕು, ಇಬ್ಬರು ಮೂವರಲ್ಲಿ ಕೆಲಸ ಮುಗಿಯುತ್ತದೆ ಎಂದು ಕೆಲವರು. 1960ರ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರವಾದರೆ ಏಳು ಜನ ಬೇಕು, ವರ್ಷವರ್ಷ ಸಭೆ ಕರೆದು ಲೆಕ್ಕ ಒಪ್ಪಿಸಬೇಕು, ಅದೇ ಒಳ್ಳೆಯದು ಎಂದು ಉಳಿದವರು. ಲಿಂಗರಾಜರಿಗೆ ಆಸ್ತಿಯಿತ್ತು, ಆದ್ದರಿಂದ ಟ್ರಸ್ಟು; ನಮಗಿರುವುದು ಜನ, ಆದ್ದರಿಂದ ಸಂಘ ಎಂದು ನಾನು ಹೇಳಿದೆ. ಕಡೆಗೆ ಅದೇ ನಿಂತಿತು. ಉದ್ದೇಶದ ಕಲಮಿನಲ್ಲಿ ಊರಿನ ಎಲ್ಲ ಕೇರಿಗಳ ಮಕ್ಕಳು ಎಂದು ಬರೆಸಿದ್ದೇವೆ. ಆರು ಜನರ ಸಹಿಯಾಗಿದೆ. ಏಳನೆಯದಾಗಿ ಅವ್ವನ ಹೆಸರನ್ನು ಹಾಕಿದ್ದೇವೆ. ಹೆಬ್ಬೆಟ್ಟು ಬೇಡ, ಸಹಿಯನ್ನೇ ಮಾಡುತ್ತೇನೆಂದು ಅವಳು ಓದುಕೋಣೆಯ ಪಾಟಿಯ ಮೇಲೆ ತಿದ್ದುತ್ತಿದ್ದಾಳೆ.