ಆಚಾರ್ಯ ಥಿಯೊಡೋರ್ ಬೊವೆರಿ

ಅರ್ಬುದರೋಗದ ಹೆಸರನ್ನು ಕೇಳಿದೊಡನೆ ಹುಮನಾಬಾದ, ಬಸವಕಲ್ಯಾಣಗಳ ಯಾವ ಮನೆಯವರ ಎದೆಯಾದರೂ ನಡುಗುವುದು. ಈ ವ್ಯಾಧಿಯ ಮೂಲವನ್ನು ಒಂದೇ ಒಂದು ಜೀವಕೋಶದಲ್ಲಿ ಹುಡುಕಿದ ಮಹನೀಯರೊಬ್ಬರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಅರಿಯುವುದು ಉಚಿತವೆಂದು ಇಲ್ಲಿ ಸಂಗ್ರಹವಾಗಿ ಬರೆದಿದೆ.

ಬೊವೆರಿಯವರು 1862ನೆಯ ಅಕ್ಟೋಬರ್ 12ರಂದು ಜರ್ಮನಿಯ ಬಾಂಬೆರ್ಗ್ ಪಟ್ಟಣದಲ್ಲಿ ಜನಿಸಿದರು. ಮ್ಯೂನಿಕ್ ನಗರದಲ್ಲಿ ಮೊದಲು ಇತಿಹಾಸ, ತತ್ತ್ವಶಾಸ್ತ್ರಗಳನ್ನು ಓದತೊಡಗಿ, ಅನಂತರ ಪ್ರಕೃತಿಶಾಸ್ತ್ರಕ್ಕೆ ತಿರುಗಿದರು. 1893ರಲ್ಲಿ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಆಚಾರ್ಯರಾದರು. ಅಲ್ಲಿ ಸ್ತ್ರೀಯರಿಗೆ ವಿಧಿವತ್ತಾದ ಪ್ರವೇಶವೇ ಇಲ್ಲದಿದ್ದ 1896ರಲ್ಲಿ ಅಮೆರಿಕದ ಮಾರ್ಸೆಲ್ಲಾ ಓಗ್ರೇಡಿ ಎಂಬ ವಿದುಷಿಯು ಸಂಶೋಧನೆಗಾಗಿ ಅವರ ಬಳಿಗೆ ಬಂದರು. ಮರುವರ್ಷ ಇಬ್ಬರಿಗೂ ವಿವಾಹವಾಯಿತು. ಆಕೆಯು ಗೃಹದಲ್ಲಿ ಹೇಗೋ ಹಾಗೆಯೇ ಪ್ರಯೋಗಶಾಲೆಯಲ್ಲಿಯೂ ಪತಿಗೆ ಜೊತೆಗಾರ್ತಿಯಾದರು.

ನೇಪಲ್ಸ್ ನಗರದ ಕಡಲತೀರದಲ್ಲಿ ದೊರೆಯುವ ಮುಳ್ಳುಜೀವಿಗಳ ತತ್ತಿಗಳೇ ಬೊವೆರಿಯವರ ಪರೀಕ್ಷೆಯ ವಸ್ತು. ಒಂದು ತತ್ತಿಯೊಳಗೆ ಎರಡು ಪುರುಷಬೀಜಗಳು ಹೊಕ್ಕರೆ ವರ್ಣತಂತುಗಳು ಕೋಶಗಳಿಗೆ ಸಮನಾಗಿ ಹಂಚಿಕೆಯಾಗವು. ಭ್ರೂಣಗಳು ಬಹುಮಟ್ಟಿಗೆ ವಿಕಾರಗೊಂಡು ನಶಿಸುತ್ತಿದ್ದವು. ಒಂದೊಂದು ವರ್ಣತಂತುವಿಗೂ ಪ್ರತ್ಯೇಕ ಗುಣವುಂಟೆಂದು 1902ರಲ್ಲಿ ಅವರು ಇದರಿಂದ ನಿರ್ಣಯಿಸಿದರು. 1914ರ ತಮ್ಮ ಗ್ರಂಥದಲ್ಲಿ ಈ ವಿಚಾರವನ್ನು ಮುಂದುವರಿಸಿ, ವರ್ಣತಂತುಗಳು ಕೆಟ್ಟ ಒಂದು ಕೋಶವು ಮಿತಿಯಿಲ್ಲದೆ ಒಡೆದು ಬೆಳೆಯುವುದೇ ಅರ್ಬುದವೆಂದೂ, ಕೋಶದ ಬೆಳವಣಿಗೆಯನ್ನು ಪ್ರೇರಿಸುವ ಮತ್ತು ತಡೆಯುವ ಅಂಶಗಳೆರಡೂ ಅದರೊಳಗೇ ಇರಬೇಕೆಂದೂ ಪ್ರತಿಪಾದಿಸಿದರು. ಅದನ್ನು ಸಿದ್ಧಪಡಿಸಿ ತೋರಿಸುವ ಸಾಧನವು ಆಗ ಇರಲಿಲ್ಲ.

ಬಹುಕಾಲದಿಂದ ದೇಹಾರೋಗ್ಯವು ಕುಗ್ಗಿದ್ದುದರಿಂದ ಬರ್ಲಿನ್ನಿನ ಉನ್ನತಾಧಿಕಾರವನ್ನೂ ಒಲ್ಲದೆ, ಅವರು 1915ನೆಯ ಅಕ್ಟೋಬರ್ 15ರಂದು ದಿವಂಗತರಾದರು. ಮಾರ್ಸೆಲ್ಲಾ ಅವರು ಸ್ವದೇಶಕ್ಕೆ ಮರಳಿ, ಮಹಿಳಾ ಕಾಲೇಜಿನಲ್ಲಿ ಬೋಧಿಸುತ್ತ, ಪತಿಯ ಗ್ರಂಥವನ್ನು 1929ರಲ್ಲಿ ಇಂಗ್ಲಿಷಿಗೆ ತಂದರು.

1960ರಲ್ಲಿ ಒಂದು ಬಗೆಯ ರಕ್ತದ ಅರ್ಬುದದಲ್ಲಿ ಕೆಟ್ಟ ವರ್ಣತಂತುವು ಕಾಣಬಂದಿತು. ತೊಗರಿ, ಕಡಲೆ, ಉದ್ದುಗಳನ್ನು ಬೆರೆಸಿ ಬೀಸಿದ ಹಿಟ್ಟಿನಲ್ಲಿ ಹುಳುಕಾದ ಕಾಳು ಯಾವುದೆಂದು ತಿಳಿಯದಷ್ಟೆ? ಹಾಗೆಯೇ ಗಂಟನ್ನು ಇಡಿಯಾಗಿ ಅರೆದು ಪರೀಕ್ಷಿಸುತ್ತಿದ್ದವರು ಈಗ ಕಾಳು ಕಾಳನ್ನು ಆರಿಸಿದಂತೆ ಕೋಶ ಕೋಶವನ್ನೂ ಬೇರ್ಪಡಿಸಿ, ಅದರ ವಂಶವಾಹಿಗಳಲ್ಲಿ ಯಾವುದು ಕೆಟ್ಟಿದೆ, ಯಾವುದು ಎಚ್ಚೆತ್ತಿದೆ, ಯಾವುದು ಅಡಗಿದೆ ಎಂಬುದನ್ನು ಓದುತ್ತಾರೆ. 2011ರಲ್ಲಿ ಸ್ತನದ ಅರ್ಬುದವನ್ನು ಹೀಗೆ ಓದಿದಾಗ ಕೋಶಗಳ ವಂಶಾವಳಿಯೇ ಗೋಚರವಾಯಿತು.

ಗಂಟು ಬೆಳೆದಂತೆಲ್ಲ ಅದರ ಕೋಶಗಳು ಬಗೆಬಗೆಯಾಗಿ ಮಾರ್ಪಟ್ಟು ಔಷಧಕ್ಕೆ ಮಣಿಯದಂತಾಗಬಲ್ಲವು. ಆದುದರಿಂದ ಸೋದರಿಯರು ನಾಚಿಕೆಯಿಂದ ಅದನ್ನು ಮರೆಮಾಡದೆ, ಸಕಾಲದಲ್ಲಿ ವೈದ್ಯರಿಗೆ ತೋರಿಸುವುದು ಶ್ರೇಯಸ್ಕರ.